ಮುಖ ತಿರುಗಿಸದ ಕೋಣ

ಮುಂಬೈ ದಹಿಸರದ ಆ ತಬೇಲಾದಲ್ಲಿ, ಆ ದೊಡ್ಡ ಎಮ್ಮೆ ಕೊಟ್ಟಿಗೆಯಲ್ಲಿ, ರುದ್ರವ್ವನ ಕೈಯಿಂದ ಮೇವು ತಿಂದ ಕೋಣಗಳೆಲ್ಲ ಕೊನೆಗೆ ಹೋಗುವುದು ಕಸಾಯಿಖಾನೆಗೇ. ಇದನ್ನು ಮುಚ್ಚಿಟ್ಟು ಕಥೆ ಹೇಳುವ ಚಪಲ ನನಗಿಲ್ಲ, ಅವಳಿಗಂತೂ ಇರಲೇ ಇಲ್ಲ. "ಹಾಲಿನ ಎಮ್ಮಿ ಆ ಕಡೆ, ತೂಕದ ಕೋಣ ಈ ಕಡೆ" ಎಂದು ಅಂಗಡಿಯ ಸಾಮಾನು ತೋರಿಸಿದಂತೆ ತೋರಿಸುತ್ತಿದ್ದಳು. ವಿಜಯಪುರದ ಕಡೆಯಿಂದ ಅವಳನ್ನು ಕಟ್ಟಿಕೊಂಡು ಬಂದ ಗಂಡ ಬಸು ಇದೇ ಕೊಟ್ಟಿಗೆಯಲ್ಲಿ ಸಗಣಿ ಬಾಚಿ, ಇದರ ಮೇಲಿನ ಖೋಲಿಯಲ್ಲೇ ಕಣ್ಣು ಮುಚ್ಚಿದ. ಆ ಖೋಲಿ ಬಿಟ್ಟರೆ ಅವಳಿಗೆ ಮುಂಬೈಯಲ್ಲಾಗಲಿ ಊರಲ್ಲಾಗಲಿ ಕಾಲೂರಲು ಒಂದು ಗೇಣು ಜಾಗವಿರಲಿಲ್ಲ.

ಬೇಳೆ ಗಿರಣಿಯ ತೊಗರಿ ಹೊಟ್ಟು, ಎಣ್ಣೆ ಮಿಲ್ಲಿನ ಹತ್ತಿಕಾಳು ಹಿಂಡಿ, ಕಬ್ಬಿನ ಸೋಗೆ, ಹಣ್ಣಿನ ರಸದಂಗಡಿಯ ಸಿಪ್ಪೆ: ಜನ ಬೇಡವೆಂದು ಬಿಸಾಡಿದ್ದನ್ನು ಕೋಣದ ಮೈಗೆ ಹತ್ತಿಸುವುದೇ ಅವಳ ಕಸುಬು. ಹೊಸ ತಿನಿಸು ಬಂದರೆ ಮೊದಲು ಒಂದು ಹಿಡಿ, ನಾಲ್ಕು ದಿನ ಬಿಟ್ಟು ಒಂದು ಬೊಗಸೆ, ಹೊಟ್ಟೆಗೆ ಒಗ್ಗಿದ ಮೇಲಷ್ಟೇ ಬುಟ್ಟಿ. ಈ ಕ್ರಮ ಅವಳು ಎಂದೂ ತಪ್ಪಿದವಳಲ್ಲ.

ಹಳೆಯ ಧಣಿ ತೀರಿಕೊಂಡು ಮಗ ಅಮೋಲ್ ತಬೇಲಾಕ್ಕೆ ಬಂದ. ಕನ್ನಡದವರ ಮನೆಯ ಹುಡುಗನೇ, ಆದರೆ ಕನ್ನಡ ಅವನ ಬಾಯಲ್ಲಿ ಕುಂಟುತ್ತಿತ್ತು; ಚಿಕ್ಕಮ್ಮ ಎನ್ನಲೂ ಮರಾಠಿಯ ಮೌಶಿಯೇ ಬರುತ್ತಿತ್ತು. "ಮೌಶಿ, ಈ ಲಾಟ್‌ನ ವಜನ್ ಬರ್ಲಿಲ್ಲಾಂದ್ರೆ ನಾನು ರೆಡಿಮೇಡ್ ಫೀಡ್ ಚಾಲೂ ಮಾಡ್ತೀನಿ. ಫಿರ್ ನಿಮ್ದು ಕಾಮ್ ನಹೀ. ಖೋಲಿ ಭೀ ಖಾಲಿ ಮಾಡ್ಬೇಕಾಗ್ತದೆ." ದನಿ ಏರಿಸಲಿಲ್ಲ, ಫೋನಿನಿಂದ ಕಣ್ಣನ್ನೂ ಎತ್ತಲಿಲ್ಲ. ಮನೆ ಮುರಿಯುವವರು ಹೀಗೆ ಮೆತ್ತಗೇ ಮಾತಾಡುತ್ತಾರೆ, ಹಾಳಾಗಿ ಹೋಗಲಿ.

ಲಾಟಿನಲ್ಲಿ ಇದ್ದದ್ದು ಮೂರು ಕೋಣ. ಎರಡು ದುಂಡಗಾಗಿದ್ದವು. ಮೂರನೆಯದು ಏನು ತಿಂದರೂ ಪಕ್ಕೆಲುಬು ತೋರಿಸಿಕೊಂಡೇ ನಿಲ್ಲುತ್ತಿತ್ತು. ಟ್ರಕ್ ಬರುವುದು ಕಾರಹುಣ್ಣಿಮೆಯ ಮರುದಿನವೆಂದು ಗೊತ್ತಾಯಿತು.

ಕಾರಹುಣ್ಣಿಮೆಗೆ ರುದ್ರವ್ವನ ತವರಿನಲ್ಲಿ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಜೋಳದ ಕಿಚಡಿ ಉಣಿಸುತ್ತಿದ್ದರು. ಅವಳ ತಾಯಿ ದಾನವ್ವನ ಕಟ್ಟಪ್ಪಣೆ ಒಂದಿತ್ತು: "ಇವತ್ತೊಂದಿನರ ಅದರ ಬಾಯಿ ಮುಂದಿಂದು ಕಸೀಬ್ಯಾಡ್ರಿ. ತಾನಾಗೇ ಮುಖ ತಿರುಗಸ್ಲಿ, ಆಮ್ಯಾಲ ಬುಟ್ಟಿ ಎತ್ರಿ." ಅಲ್ಲಿ ಕಿಚಡಿ ಇದ್ದದ್ದೇ ಒಂದು ಗಡಿಗೆ, ನೇಮ ಯಾರ ಹೊಟ್ಟೆಯನ್ನೂ ಕೆಡಿಸಲಿಲ್ಲ. ಮುಂಬೈಯಲ್ಲೂ ವರ್ಷಾ ವರ್ಷಾ ಅವಳು ಒಂದು ಸಣ್ಣ ಪಾತೇಲಿ ಬೇಯಿಸಿ ಕೋಣಗಳಿಗೆ ಇಟ್ಟು, ಅವು ಮುಖ ತಿರುಗಿಸುವ ತನಕ ಕೈಕಟ್ಟಿ ನಿಲ್ಲುತ್ತಿದ್ದಳು.

ಈ ವರ್ಷ ರವೆ ಮಿಲ್ಲಿನ ಗೋಧಿ ನುಚ್ಚು ಚೀಲಗಟ್ಟಲೆ ಬಂದು ಬಿದ್ದಿತ್ತು. ಕಿಚಡಿ ಮುಗಿದ ಮೇಲೆ ಅವಳು ಒಂದು ಬುಟ್ಟಿ ನುಚ್ಚು ಸುರಿದಳು. ಎರಡು ಕೋಣಗಳು ಮೂಸಿ ಮುಖ ತಿರುಗಿಸಿದವು. ಬಡಕಲು ಕೋಣ ತಿಂದಿತು. ಇನ್ನೊಂದು ಬುಟ್ಟಿ ಹಾಕಿದಳು, ಮತ್ತೂ ಒಂದು. ಒಗ್ಗದ ಕಾಳು ಹೊಟ್ಟೆಯಲ್ಲಿ ಹುಳಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಹಬ್ಬದ ದಿನ ಬುಟ್ಟಿ ಕಸಿಯುವಂತಿಲ್ಲ; ಅದಕ್ಕಿಂತ ಹೆಚ್ಚಾಗಿ, ಕಸಿಯಲು ಅವಳಿಗೆ ಮನಸ್ಸಿರಲಿಲ್ಲ; ತುಂಬಿದ ಹೊಟ್ಟೆಯೂ ನಾಳೆಯ ತಕ್ಕಡಿಯಲ್ಲಿ ತೂಕವೇ. ಒಂದು ಕಣ್ಣಿನಲ್ಲಿ ಅವ್ವ, ಇನ್ನೊಂದು ಕಣ್ಣಿನಲ್ಲಿ ಖೋಲಿ. "ತಿನ್ನಪಾ, ನೀ ತಿಂದ್ರ ನಾ ಉಳಿತೀನಿ" ಎಂದಳು.

ಮರುದಿನ ಬೆಳಿಗ್ಗೆ ಕೋಣ ನೆಲ ಹಿಡಿದಿತ್ತು. ಎಡಗಡೆಯ ಹೊಟ್ಟೆ ಬಿಗಿದು ನಿಂತಿತ್ತು, ಹಿಂದೆ ನೀರು ನೀರಾಗಿ ಹೋಗುತ್ತಿತ್ತು. ಹೊಟ್ಟೆಯ ಹುಳಿ ಮುರಿಯುವ ಸೋಡಾಕ್ಕಾಗಿ ಅವಳು ರಸ್ತೆ ಕೂಡುವ ನಾಕಾದ ಉಡುಪಿ ಹೋಟೆಲಿಗೆ ಓಡಿದಳು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಕೊರಗಪ್ಪ ಅಡುಗೆ ಸೋಡಾದ ಡಬ್ಬವನ್ನೇ ಎತ್ತಿ ಕೊಟ್ಟ. "ಇದನ್ನು ಕೊಂಡೋಗಿ ರುದ್ರವ್ವ. ಆದ್ರೆ ಡಾಕ್ಟ್ರಿಗೆ ಫೋನ್ ಮಾಡಿ ಮಾರಾಯ್ರೆ." ಡಾಕ್ಟರಿಗೆ ಫೋನ್ ಹೋದರೆ ಅಮೋಲನಿಗೆ ಗೊತ್ತಾಗುತ್ತದೆ. ಮಾಡಲಿಲ್ಲ.

ಸೋಡಾ ನೀರು ಬಿದಿರಿನ ಗೊಟ್ಟದಲ್ಲಿ ಕುಡಿಸಿದಳು, ಹೊಟ್ಟೆ ತಿಕ್ಕಿದಳು, ಬಾಲ ಹಿಡಿದು ಎತ್ತಿದಳು. ತನ್ನ ಕಾಲ ಮೇಲೆ ನಡೆಯದ ದನವನ್ನು ಕಸಾಯಿಖಾನೆಯ ಗೇಟಿನಲ್ಲೇ ಹಿಂದೆ ಕಳಿಸುತ್ತಾರೆ. ಹೊರಗೆ ಟ್ರಕ್ಕಿನ ಹಾರ್ನ್ ಕೇಳಿತು. ರುದ್ರವ್ವ ಕೋಣದ ಕೊರಳಿಗೆ ಜೋತುಬಿದ್ದಳು. "ಏಳೋ ತಮ್ಮಾ. ಟ್ರಕ್ಕಿನ ತನಕ ನಡಿ, ಸಾಕು. ನಿನ್ನ ಕಾಲ ಬೀಳ್ತೀನಿ." ಸಾಯುವುದಕ್ಕಾಗಿ ಎದ್ದು ನಡೆ ಎಂದು ಬೇಡುತ್ತಿದ್ದೇನೆಂಬುದು ಆಗ ಅವಳಿಗೆ ಹೊಳೆಯಿತು. ಆದರೂ ಬೇಡುವುದನ್ನು ನಿಲ್ಲಿಸಲಿಲ್ಲ.

ಅಮೋಲ್ ಬಂದು ನೋಡಿದ, ಮೂಗಿಗೆ ಕರವಸ್ತ್ರ ಹಿಡಿದ. ಬುಟ್ಟಿಯ ತಳದಲ್ಲಿ ನುಚ್ಚು ಇನ್ನೂ ಉಳಿದಿತ್ತು. "ಇಷ್ಟು ಯಾರು ಹಾಕಿದ್ರು?"

"ನಾನ."

"ಸಂಜೆ ಒಳಗೆ ಖೋಲಿಯ ಸಾಮಾನ್ ತೆಗೀರಿ ಮೌಶಿ" ಎಂದು ಅವನು ಉಳಿದೆರಡು ಕೋಣಗಳ ಹಗ್ಗ ಬಿಚ್ಚಲು ಹೋದ.

ಬಡಕಲು ಕೋಣ ಒಮ್ಮೆ ದೊಡ್ಡದಾಗಿ ಉಸಿರು ಬಿಟ್ಟು, ಬುಟ್ಟಿಯ ಕಡೆಯಿಂದ ಮುಖ ತಿರುಗಿಸಿ ಗೋಡೆಗೆ ತಲೆ ಹಾಕಿತು. ಮತ್ತೆ ಅಲುಗಲಿಲ್ಲ. ರುದ್ರವ್ವ ಅದರ ಮೂಗಿಗೆ ಅಂಗೈ ಹಿಡಿದು ನೋಡಿದಳು. ಆಮೇಲೆ ಎದ್ದು, ಎರಡೂ ಕೈಯಿಂದ ಬುಟ್ಟಿ ಎತ್ತಿದಳು.