ಪ್ರೇಮಕುಮಾರನ ನೀರು

ಪ್ರೇಮಕುಮಾರ ತೀರಿಕೊಂಡಾಗ ಅವನಿಗೆ ನಲವತ್ತಾರು. ಕಲಬುರಗಿಯ ಬಾಡಿಗೆ ಮನೆಯಲ್ಲಿ ಬೆಳಗಿನ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡವನು ಆಸ್ಪತ್ರೆ ಮುಟ್ಟಲಿಲ್ಲ. ಸುದ್ದಿ ಬಂದ ದಿನ ಕಮಲಾಪುರ ಅವನನ್ನು ಬಂಗಾರದಂಥ ಮನುಷ್ಯ ಎಂದಿತು. ಬದುಕಿದ್ದಾಗ ಆ ಮಾತು ಯಾರ ಬಾಯಿಂದಲೂ ಬರದಿದ್ದರೆ ಅದು ಯಾರ ತಪ್ಪೂ ಅಲ್ಲ. ಆ ಊರಿನಲ್ಲಿ ಯಾವುದೂ ಯಾರ ತಪ್ಪೂ ಅಲ್ಲ.

ಅವನ ಜೊತೆ ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಕಲಿತ ವಿವೇಕಾನಂದ ಮಾಸ್ತರರಿಗೆ ಮಾತ್ರ ಆ ದಿನ ಮಾತು ಹೊರಡಲಿಲ್ಲ. ಅವರಿಗೆ ಬರುವುದು ಬರವಣಿಗೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾರೆ. ಊರಿನವರ ಅರ್ಜಿ, ಲಗ್ನಪತ್ರಿಕೆ, ಬೀಳ್ಕೊಡುಗೆಯ ಮಾನಪತ್ರ ಎಲ್ಲ ಅವರ ಕೈಯಿಂದಲೇ ಆಗಬೇಕು. ಪ್ರೇಮಕುಮಾರನ ಹೆಸರು ಕೆಟ್ಟದ್ದೂ ಆ ಕೈಯಿಂದಲೇ.

ಐ.ಟಿ.ಐ. ಮುಗಿಸಿದ ಪ್ರೇಮಕುಮಾರ, ಹಳ್ಳಿಹಳ್ಳಿಯ ಶುದ್ಧ ನೀರಿನ ಘಟಕಗಳನ್ನು ನಡೆಸುವ ಒಂದು ಗುತ್ತಿಗೆ ಸಂಸ್ಥೆ ಸೇರಿದ್ದ. ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಅದರ ಕಚೇರಿ. ಮೂರು ವರ್ಷ, ತಿಂಗಳಿಗೆರಡು ಸಲ, ಕಮಲಾಪುರದ ಘಟಕಕ್ಕೂ ಬಂದು ಟಾಕಿಯೊಳಗೆ ಇಳಿದು, ತಳ ತಿಕ್ಕಿ, ಫಿಲ್ಟರ್ ಬದಲಿಸಿ ಹೋಗುತ್ತಿದ್ದ. ಮೈಮೇಲೆ ಸಂಸ್ಥೆಯ ನೀಲಿ ಅಂಗಿ, ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್. ಮಾಸ್ಕಿನೊಳಗೆ ಯಾರಿದ್ದಾರೆಂದು ಯಾರೂ ಕೇಳಲಿಲ್ಲ. ಆ ಮೂರು ವರ್ಷ ನೀರು ಬಲು ಸಿಹಿಯಿತ್ತು.

ಘಟಕ ನೋಡಿಕೊಳ್ಳುತ್ತಿದ್ದ ನಾಗಣ್ಣ ವಯಸ್ಸಾಗಿ ಬಿಟ್ಟಾಗ, ಸ್ವಂತ ಊರಿನಲ್ಲಿರಬಹುದೆಂದು ಪ್ರೇಮಕುಮಾರ ಆ ಕೆಲಸ ಕೇಳಿ ಪಡೆದ. ಈಗ ಅವನು ಟಾಕಿಗೆ ಇಳಿಯಬೇಕಿರಲಿಲ್ಲ, ನೀರು ಮುಟ್ಟಬೇಕಿರಲಿಲ್ಲ. ಮಂದಿ ತಾವೇ ನಾಣ್ಯ ಹಾಕಿ ಕ್ಯಾನು ತುಂಬಿಕೊಳ್ಳುತ್ತಿದ್ದರು. ಅವನು ಬರೀ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮಾಸ್ಕ್ ಇಲ್ಲದೆ ಕೂತ. ಎಂಟೇ ದಿನದಲ್ಲಿ ನೀರು ಕಹಿಯಾಯಿತು.

ಕಹಿಯನ್ನು ಮೊದಲು ಕಂಡುಹಿಡಿದದ್ದು ಕಿರಾಣಿ ಅಂಗಡಿಯ ದೌಲಪ್ಪನ ತಾಯಿ ವಿಮಲಾಬಾಯಿಯ ನಾಲಿಗೆ. ನಾಲ್ಕು ದಿನದಲ್ಲಿ ಮೇಲಿನ ಓಣಿಗಳ ನಾಲಿಗೆಗಳೆಲ್ಲ ಅಷ್ಟೇ ಸೂಕ್ಷ್ಮವಾದವು. ಪ್ರೇಮಕುಮಾರ ನೇರ ಅಂಗಡಿಗೇ ಹೋದ.

“ಅಣ್ಣಾರ, ನೀರಿಗೇನಾಗ್ಯಾದ್ರಿ?”

“ನಂದೇನಿಲ್ಲೋ ತಮ್ಮಾ. ನಾ ಜಾತಿ-ಗೀತಿ ನೋಡಾಂವ ಅಲ್ಲ. ಮನ್ಯಾಗ ಹೆಣ್ಮಕ್ಕಳು ಒಲ್ಲೆ ಅಂತಾರ.”

ಮನೆಯ ಬಾಗಿಲಿಗೆ ಹೋಗಿ ಕೇಳಿದರೆ ಸೊಸೆ ಅತ್ತೆಯತ್ತ ಕೈ ತೋರಿಸಿದಳು. ವಿಮಲಾಬಾಯಿ ಕೈಯನ್ನು ದೇವರ ಜಗುಲಿಯತ್ತ ತಿರುಗಿಸಿದಳು. “ನಂದೇನದ ಯಪ್ಪಾ? ಮನಿದೇವ್ರು ಒಪ್ಪಂಗಿಲ್ಲ.” ಆ ದೇವರನ್ನೇ ಕೇಳಿ ಬರೋಣವೆಂದರೆ ಗುಡಿಯ ಬಾಗಿಲಲ್ಲಿ ಮತ್ತೆ ದೌಲಪ್ಪನೇ. ಕಮಿಟಿ ಅಧ್ಯಕ್ಷ.

ಪ್ರೇಮಕುಮಾರ ನೀರನ್ನು ಪರೀಕ್ಷೆಗೆ ಕಳಿಸಿದ. ಯಾವ ದೋಷವೂ ಇಲ್ಲವೆಂದು ಬಂದ ವರದಿಯನ್ನು ಗೋಡೆಗೆ ಅಂಟಿಸಿದ. ಅದನ್ನು ಓದಿದವರು ಮಷೀನಿಗೆ ನಾಲಿಗೆ ಎಲ್ಲಿರುತ್ತದೆ ಎಂದು ಕೇಳಿದರು. ದೌಲಪ್ಪನ ಗೂಡ್ಸ್ ಆಟೋ ಮೂವತ್ತೈದು ಕಿಲೋಮೀಟರ್ ದೂರದ ಕಲಬುರಗಿಯಿಂದ ಕ್ಯಾನುಗಳನ್ನು ಹೊತ್ತು ತರತೊಡಗಿತು. ಆ ನೀರಿನ ರುಚಿಯನ್ನು ವಿಮಲಾಬಾಯಿ ಓಣಿಯ ತುಂಬ ಹೊಗಳಿದಳು. ಕಲಬುರಗಿಯ ಆ ಘಟಕದ ಟಾಕಿಯನ್ನು ತಿಕ್ಕಲು ರವಿವಾರ ರವಿವಾರ ಹೋಗುತ್ತಿದ್ದವನು ಇದೇ ಪ್ರೇಮಕುಮಾರ.

“ಹೋಗಿ ಹೇಳಲೇ!” ಎಂದು, ಗೆಳೆಯನ ಬಾಯಿಂದ ಇದನ್ನು ಕೇಳಿದ ಮಾಸ್ತರರು ಹೊಟ್ಟೆ ಹಿಡಿದು ನಕ್ಕರು.

“ಬ್ಯಾಡೋ ಮಾಸ್ತರ. ಹೇಳಿದ್ರ ಅದನ್ನೂ ಬಿಡ್ತಾರ. ಪಾಪ, ನೀರಿಲ್ದ ಸಾಯ್ತಾವ.”

ನಗುವುದು ಸುಲಭವಿತ್ತು. ಮರುವಾರ ದೌಲಪ್ಪ ಮಾಸ್ತರರ ಮನೆಗೇ ಬಂದ. ಈ ನಿರ್ವಾಹಕನನ್ನು ತೆಗೆಯಬೇಕೆಂದು ಸಂಸ್ಥೆಗೆ ಅರ್ಜಿ ಕೊಡಬೇಕಿತ್ತು.

“ನೀವ ಬರೀಬೇಕ್ರಿ ಸರ. ಜಾತಿ ಮಾತು ಎಲ್ಲೂ ಬರಬಾರ್ದು, ಕೇಸ್ ಆಗ್ತದ. ನಾಜೂಕ ಬರೀರಿ.”

ಬೇರೆ ಯಾರಾದರೂ ಬರೆದರೆ ಹೊಲಸು ಬರೆಯುತ್ತಾರೆ, ತಾನಾದರೆ ಮೆತ್ತಗೆ ಬರೆಯಬಹುದು ಎಂದು ಮಾಸ್ತರರು ಯೋಚಿಸಿದರು. ಪುಸ್ತಕ ಓದಿದವರಿಗೆ ಇಂಥ ಯೋಚನೆಗಳು ಬೇಗ ಹೊಳೆಯುತ್ತವೆ. ‘ಸದರಿ ನಿರ್ವಾಹಕರ ವರ್ತನೆಯು ಸಾರ್ವಜನಿಕರೊಂದಿಗೆ ಸೌಜನ್ಯಪೂರ್ಣವಾಗಿರುವುದಿಲ್ಲ’ ಎಂದು ಬರೆದರು. ಅಕ್ಷರ ಮುತ್ತಿನಂತಿದ್ದವು. ಅರವತ್ತೆರಡು ಮಂದಿ ಸಹಿ ಮಾಡಿದರು. ಮಾಸ್ತರರು ಮಾಡಲಿಲ್ಲ. ಗೆಳೆಯನಿಗಾಗಿ ತಾನು ಎಷ್ಟು ಗಟ್ಟಿಯಾಗಿ ನಿಂತೆ ಎಂದು ಅವತ್ತು ಅವರಿಗೆ ಹೆಮ್ಮೆಯೂ ಆಗಿತ್ತು.

ಅರ್ಜಿಯ ನಕಲು ಹಿಡಿದುಕೊಂಡು ಪ್ರೇಮಕುಮಾರ ಬಂದ.

“ಚಂದ ಬರದೀದಿ. ಇಂಥಾ ಕನ್ನಡ ನಮ್ಮೂರಾಗ ಮತ್ಯಾರಿಗೆ ಬರ್ತದ?”

“ನಾ ಸಹಿ ಮಾಡಿಲ್ಲೋ ಪ್ರೇಮ್ಯಾ.”

“ಹೌದಪ್ಪ. ಸಹಿ ಮಾಡಿದವ್ರು ಓದಿಲ್ಲ, ಬರದಾಂವ ಸಹಿ ಮಾಡಿಲ್ಲ. ತಪ್ಪು ಯಾರ ತಲೀಗಿ ಕಟ್ಟೂಣು? ಪೆನ್ನಿಂದೇನು?” ಮತ್ತೆ ಅಂದ, “ಕೆಲಸ ಹೋದ್ರ ಹೋಗ್ಲಿ. ನಾ ಮಂದಿ ಜೋಡಿ ನೆಟ್ಟಗ ಮಾತಾಡಾಂವಲ್ಲ ಅಂತ ಮಾತ್ರ ಫೈಲಿನ್ಯಾಗ ಉಳೀಬಾರ್ದು. ಖರೇ ಕಾರಣ ಬರೀ. ಒಂದ ಸಾಲು.”

“ನೋಡೂಣು.”

ನೋಡುತ್ತ ನೋಡುತ್ತ ಎರಡು ವರ್ಷ ಹೋದವು. ಸಂಸ್ಥೆ ಅವನನ್ನು ಕಲಬುರಗಿಗೆ ವಾಪಸ್ ಕರೆದು ಮತ್ತೆ ಟಾಕಿಗೆ ಇಳಿಸಿತು. ಊರಿನಲ್ಲಿ ನೀರು ಮತ್ತೆ ಸಿಹಿಯಾಯಿತು. ಮಾಸ್ತರರು ಆಗಾಗ ಅವನ ಮನೆಗೆ ಹೋಗಿ, ಅವನ ಹೆಂಡತಿ ಪಂಚಶೀಲಾ ಕೊಟ್ಟ ಚಹಾ ಕುಡಿದು ಬರುತ್ತಿದ್ದರು. ಅವನು ಆ ಮಾತು ಇನ್ನೊಮ್ಮೆ ಎತ್ತಲಿಲ್ಲ. ಅದನ್ನೇ ಕ್ಷಮೆ ಎಂದು ಮಾಸ್ತರರು ಓದಿಕೊಂಡರು. ತಮಗೆ ಬೇಕಾದ ಅರ್ಥ ಹಚ್ಚುವುದನ್ನು ಮಾಸ್ತರರಿಗೆ ಯಾರೂ ಕಲಿಸಬೇಕಿಲ್ಲ.

ಪ್ರೇಮಕುಮಾರನನ್ನು ಮಣ್ಣು ಮಾಡಿದ ಐದನೇ ದಿನ ಪಂಚಶೀಲಾ ಅವರನ್ನು ಕರೆಸಿದಳು. ಗಂಡನ ದಾಖಲೆಗಳನ್ನು ತರಲು ಅವಳು ಮಗಳೊಡನೆ ಕಚೇರಿಗೆ ಹೋಗಿದ್ದಳು.

“ಅಣ್ಣಾರ, ಫೈಲಿನ್ಯಾಗ ಅವ್ರ ವರ್ತನಾ ಸರಿ ಇಲ್ಲಂತ ಅದರೀ. ಮಗಳು ಓದಿ ಅಳಾಕತ್ಯಾಳ. ಒಂದ ದಿನಾ ಯಾರಿಗೂ ಜೋರು ಮಾಡಿ ಮಾತಾಡಿದಾಂವಲ್ಲ ನಿಮ್ಮ ಗೆಳ್ಯಾ. ಅದನ್ನ ಬರದಾಂವ ಯಾರರೀ?”

ಊರು, ಸೌಮ್ಯತನ, ಕಾಲ, ಒತ್ತಡ ಎಂದು ಎರಡು ವರ್ಷ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ಮಾಸ್ತರರ ನಾಲಿಗೆಯ ತುದಿಗೆ ಬಂದವು.

“ನಾನ, ತಂಗಿ,” ಎಂದರು.

ಪಂಚಶೀಲಾ ಎದ್ದು ಒಳಗೆ ಹೋದಳು. ಮಾಸ್ತರರು ಬಹಳ ಹೊತ್ತು ಕೂತರು. ಅವಳು ಹೊರಗೆ ಬರಲಿಲ್ಲ.

ಅಲ್ಲಿಂದ ಅವರು ಜಗತ್ ಸರ್ಕಲ್ಲಿನ ಸಂಸ್ಥೆಯ ಕಚೇರಿಗೆ ಹೋಗಿ, ಮೇಜಿನ ಮೂಲೆಯಲ್ಲಿ ನಿಂತೇ ಬರೆದರು. ಇಂಥ ದಿನದ ಅರ್ಜಿಯನ್ನು ಬರೆದವನು ನಾನು, ಅದು ಸುಳ್ಳು, ಪ್ರೇಮಕುಮಾರ ದಲಿತ ಎಂಬುದಷ್ಟೇ ಕಾರಣ, ಅರ್ಜಿ ಬರೆಯುವಾಗಲೇ ಇದು ನನಗೆ ಗೊತ್ತಿತ್ತು. ನಾಜೂಕು ಎಲ್ಲೂ ಇರಲಿಲ್ಲ. ಗುಮಾಸ್ತ ಬಂದೇನವಾಜ್ ದೂರುಗಳ ರಿಜಿಸ್ಟರ್ ತೆಗೆದ.

“ಯಾರ ಮ್ಯಾಲ ಶಿಕಾಯತ್ ರೀ?”

“ನನ್ನ ಮ್ಯಾಲ.”

“ಕೊಡೋರು?”

“ನಾನ.”

“ಮಾಸ್ತರ್ ಸಾಬ್, ಮಜಾಕ್ ಬ್ಯಾಡ್ರಿ,” ಎಂದು ಕಾಗದ ಎಳೆದುಕೊಂಡು ಓದಿದ. ಓದಿ ಮುಗಿಸಿದಾಗ ಅವನ ದನಿ ತಗ್ಗಿತ್ತು. “ನೌಕರಿಗೆ ಪೆಟ್ಟು ಬೀಳ್ತದ್ರಿ. ಕೇಸೂ ಆಗಬಹುದು.”

“ಗೊತ್ತದ.”

“ಉಳದ ಅರವತ್ತೆರಡು ಮಂದಿ?”

“ಅವರದು ಅವರ ಬರೀಬೇಕು.”

“ಬರೀತಾರಂತೀರೇನು?”

“ಇಲ್ಲ.”

ಬಂದೇನವಾಜ್ ಮುದ್ರೆ ಒತ್ತಿದ. ಮಾಸ್ತರರು ತಮ್ಮ ಪೂರ್ತಿ ಹೆಸರು, ತಂದೆಯ ಹೆಸರು, ಊರು ಬರೆದು ಸಹಿ ಮಾಡಿದರು. ಈ ಸಲ ಅಕ್ಷರ ಸೊಟ್ಟಗಾದವು. ನೋಡಿ ನಗಬೇಕಾದವನು ಇರಲಿಲ್ಲ. ನಕಲನ್ನು ಮಡಚಿಕೊಂಡು, ಪಂಚಶೀಲಾ ಬಾಗಿಲು ತೆಗೆಯುತ್ತಾಳೋ ಇಲ್ಲವೋ ತಿಳಿಯದೆ, ಅವಳ ಮನೆಯ ಕಡೆಗೆ ಆಟೋ ಹತ್ತಿದರು.