ಗಿರಣಿ ನಿಂತ ಹೊತ್ತು

ಬಿಸಿ ರಾಗಿ ಹಿಟ್ಟಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಊಟ ನೆನಪಾಗುವುದಿಲ್ಲ, ಲೆಕ್ಕ ನೆನಪಾಗುತ್ತದೆ. ನಿಮಗೂ ಅಂಥದ್ದೊಂದು ವಾಸನೆ ಇರಬಹುದು. ಮಾಕಳಿಯಲ್ಲಿ ಆಗ ನಮ್ಮದು ಹಿಟ್ಟಿನ ಗಿರಣಿ. ಗೋಡೆಯಾಚೆಯ ಕೋಣೆಯಲ್ಲಿ ಪೀಣ್ಯದ ಕಾರ್ಖಾನೆಯ ಎಂಜಿನಿಯರ್ ಸಾರ್ ಬಾಡಿಗೆಗಿದ್ದರು. ಅವರ ಹತ್ತಿರ ಟಿವಿಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರ್ ಇತ್ತು. ಟೇಪ್‌ರೆಕಾರ್ಡರಿಗೆ ಅದರ ಪ್ರೋಗ್ರಾಮಿದ್ದ ಕ್ಯಾಸೆಟ್ ಹಾಕಿದರೆ ಐದು ನಿಮಿಷ ಕಿರುಚಿ, ಆಮೇಲೆ ಗುಣಾಕಾರ ಕೇಳುತ್ತಿತ್ತು. ತಪ್ಪಿದರೆ ಇನ್ನೊಮ್ಮೆ ಮಾಡು ಅನ್ನುತ್ತಿತ್ತು, ಅಷ್ಟೇ. ಮೇಷ್ಟರ ಹಾಗೆ ಕಿವಿ ಹಿಂಡುತ್ತಿರಲಿಲ್ಲ. ಪ್ರೋಗ್ರಾಮಿಗೆ ಒಂದು ಸಾಲು ಸೇರಿಸುವುದನ್ನೂ ಸಾರ್ ಕಲಿಸಿದರು. ಇಪ್ಪತ್ತು ಲೆಕ್ಕವೂ ಸರಿಯಾದರೆ ಮಾತ್ರ ಕೊನೆಗೆ ಅಮ್ಮನ ಹೆಸರು ಬರಬೇಕೆಂದು ನಾನು ಬರೆದು ಕ್ಯಾಸೆಟ್ಟಿಗೆ ತುಂಬಿಟ್ಟೆ.

ಏಳನೇ ಕ್ಲಾಸಿಗೆ ನನ್ನ ಓದು ಸಾಕೆಂದು ಅಪ್ಪ ತೀರ್ಮಾನಿಸಿದ್ದ. ಅಮ್ಮ ಬಿಡಲಿಲ್ಲ. ಕೊನೆಗೆ, ಆ ಪೆಟ್ಟಿಗೆ ಕೇಳುವ ಇಪ್ಪತ್ತೂ ಲೆಕ್ಕ ತಪ್ಪದೆ ಮಾಡಿದರೆ ಹೈಸ್ಕೂಲಿಗೆ ಕಳಿಸುತ್ತೇನೆ ಅಂದ. ಮಾಡಲಾರಳು ಅಂದುಕೊಂಡೇ ಹೇಳಿದ ಮಾತು. ಭಾನುವಾರ ಕೂತೆ. ಗಿರಣಿ ಶುರು ಮಾಡಿದಾಗಲೆಲ್ಲ ಕರೆಂಟು ಕುಗ್ಗಿ ಮಾಡಿದ್ದೆಲ್ಲ ಅಳಿಸಿಹೋಗುತ್ತಿತ್ತು. ಮತ್ತೆ ಕ್ಯಾಸೆಟ್, ಮತ್ತೆ ಕಿರುಚಾಟ. ಎರಡು ಸಲ ಹಾಗಾಯಿತು. ಮೂರನೆಯ ಸಲಕ್ಕೆ ಅಮ್ಮ ಗಿರಣಿ ಆರಿಸಿ ಸ್ವಿಚ್ಚಿಗೆ ಅಡ್ಡ ನಿಂತಳು. ರಾಗಿ ತಂದವರು ಗೊಣಗಿದರು.

"ಇಟ್ಟಿಲ್ದೆ ಮುದ್ದೆ ಎಂಗಕ್ಕಾ ಮಾಡಾದು? ನಿನ್ ಮಗಳ ಲೆಕ್ಕ ಬೇಯ್ಸನಾ?" ಎಂದು ಒಬ್ಬಳು ಕೊಂಕು ತೆಗೆದಳು.

"ನನ್ ಮಗ್ಳು ಲೆಕ್ಕ ಮಾಡ್ತಾವ್ಳೆ. ಮುಗಿಯೋಗಂಟ ಕಾಯಿ," ಎಂದಳು ಅಮ್ಮ.

ಅಪ್ಪ ಸ್ವಿಚ್ಚಿಗೆ ಕೈ ಚಾಚಿದ. ಅವಳು ಸರಿಯಲಿಲ್ಲ.

ಕೊನೆಯ ಲೆಕ್ಕ ಹದಿನೇಳೆಂಟ್ಲ ಎಷ್ಟು ಅಂತ. ನೂರಮೂವತ್ತಾರು ಒತ್ತಿದೆ. ಟಿವಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಗಂಗಮ್ಮ ಎಂದು ಬಂತು. ಅಮ್ಮನನ್ನು ಕೂಗಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಏನಿದು ಅಂದಳು, ನಿನ್ನ ಹೆಸರು ಅಂದೆ. ಹಿಟ್ಟಿನ ಬೆರಳಿಂದ ಒಂದೊಂದೇ ಅಕ್ಷರ ಮುಟ್ಟಿ ನೋಡಿದಳು. ಆಮೇಲೆ ಜನ ಕಾಯುತ್ತಾರೆ ಎಂದು ಹೋಗಿ ತಾನೇ ಗಿರಣಿ ಹಾಕಿದಳು. ಹೆಸರು ಅಳಿಸಿಹೋಯಿತು.

ಅಪ್ಪ ಆಡಿದ ಮಾತಿನಂತೆ ಕಳಿಸಿದ. ಆದರೆ ನಾನು ಹೈಸ್ಕೂಲಿಗೆ ಹೋದದ್ದು ಒಂದೇ ವರ್ಷ. ಅಮ್ಮ ತೀರಿಕೊಂಡಳು, ಗಿರಣಿಗೆ ನಾನು ನಿಂತೆ. ಒಂದು ವರ್ಷದ ಓದಿಗೆ ಅಷ್ಟು ರಂಪ ಬೇಕಿತ್ತೇ ಎಂದು ಈಗಲೂ ಕೇಳುವವರಿದ್ದಾರೆ. ಬೇಕಿತ್ತು. ಅದು ಯಾರೂ ಕನಿಕರಪಟ್ಟು ಕೊಟ್ಟ ವರ್ಷವಲ್ಲ. ಗಿರಣಿಯಿದ್ದ ಜಾಗದಲ್ಲಿ ಈಗ ಗೋಡೌನ್ ಇದೆ, ಸಾರ್ ಇದ್ದ ಕೋಣೆಯೂ ಇಲ್ಲ. ಟಿವಿಯ ಗಾಜಿನ ಮೇಲೆ ಉಳಿದ ಅಮ್ಮನ ಬೆರಳಿನ ಹಿಟ್ಟನ್ನು ಮಾತ್ರ, ಸಾರ್ ಮನೆ ಖಾಲಿ ಮಾಡುವವರೆಗೆ, ನಾನು ಯಾರಿಗೂ ಒರೆಸಲು ಬಿಡಲಿಲ್ಲ.