ನಿಂತು ತಿಂದದ್ದು ಊಟವಲ್ಲ

ನನ್ನ ಅಕ್ಕನ ಹೊಕ್ಕಳ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟೊಂದು ಎದ್ದಿತ್ತು. ಕೆಮ್ಮಿದರೆ ಉಬ್ಬುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಶಿವಮೊಗ್ಗದ ಸರ್ಜನ್ ಒತ್ತಿ ನೋಡಿ ಹರ್ನಿಯಾ ಎಂದರು. ಆಪರೇಷನ್ ಆಗಲೇಬೇಕು, ಆದರೆ ಈ ತೂಕ, ಈ ಶುಗರ್ ಇಟ್ಟುಕೊಂಡು ಕೊಯ್ದರೆ ಹೊಲಿಗೆ ನಿಲ್ಲುವುದು ಕಷ್ಟ, ಮೊದಲು ಇಳಿಸಿಕೊಂಡು ಬನ್ನಿ ಎಂದರು. ತಡ ಮಾಡಿ ಕರುಳು ಅದರೊಳಗೆ ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಅಪಾಯ ಎಂದೂ ಸೇರಿಸಿದರು. ಅಕ್ಕ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ, "ನಾನು ತಿನ್ನೋದೇ ಒಂದು ಹಿಡಿ ಕಣೇ, ಇನ್ನೇನು ಬಿಡ್ಲಿ?" ಎಂದು ನನ್ನನ್ನು ಕೇಳಿದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ದಿನಾ ಬೆಳಗ್ಗೆ ರಾಗಿಗುಡ್ಡದ ಕಡೆ ವಾಕಿಂಗ್ ಹೋಗಿ ನಾನೂ ಒಂದಿಷ್ಟು ತೂಕ ಇಳಿಸಿದವಳು. ಈ ವಿಷಯದಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಗರ್ವ ಬೇರೆ. ಭದ್ರಾವತಿಯಲ್ಲಿದ್ದ ಅಕ್ಕನ ಹೊಟ್ಟೆಯನ್ನು ಶಿವಮೊಗ್ಗದ ಆಲ್ಕೊಳದ ನನ್ನ ಮನೆಯಿಂದ ಫೋನಿನಲ್ಲೇ ಆಳಲು ಹೊರಟೆ. ಅನ್ನ ಒಂದು ಸೌಟು, ಪಲ್ಯ ಜಾಸ್ತಿ, ರಾತ್ರಿ ಒಂದೇ ರೊಟ್ಟಿ, ಟೀಗೆ ಸಕ್ಕರೆ ಬೇಡ. ಅವಳು ಎಲ್ಲದಕ್ಕೂ ಹೂಂ ಅಂದಳು, ಹಾಗೇ ನಡೆದುಕೊಂಡಳು ಕೂಡ. ಮುಂದಿನ ಸಲ ತೂಕ ನೋಡಿದರೆ ಇಳಿಯುವುದಿರಲಿ, ಇನ್ನಷ್ಟು ಏರಿತ್ತು.

ಅನುಮಾನ ಮೊದಲು ಹೋದದ್ದು ಭಾವನ ಮೇಲೆ. ಕಾರ್ಖಾನೆಯಿಂದ ರಿಟೈರ್ ಆದಮೇಲೆ ಸಂಜೆ ಪೇಟೆಗೆ ಹೋಗಿ ಬೋಂಡದ ಪೊಟ್ಟಣ ಹಿಡಿದು ಬರುವ ಅಭ್ಯಾಸ ಅವರಿಗೆ. ಚೆನ್ನಾಗಿ ಜಾಡಿಸಿದೆ. ಪಾಪ, ಬೋಂಡ ತಿನ್ನುವುದು ತಾವು ಮತ್ತು ಮಗ ಇಬ್ಬರೇ, ಅವಳು ಮುಟ್ಟುವುದೂ ಇಲ್ಲ ಎಂದು ದೇವರಾಣೆ ಇಟ್ಟರು. ನಾನು ನಂಬಲಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ ಅವರ ಮನೆಯಲ್ಲೇ ಕೂತೆ.

ಮಧ್ಯಾಹ್ನ ಅಕ್ಕ ಮೊದಲು ಭಾವನಿಗೆ, ಮಗನಿಗೆ, ನನಗೆ ಬಡಿಸಿದಳು. ಕೂತ್ಕೋ ಅಂದರೆ, "ನಿಮ್ದಾಗ್ಲಿ" ಅಂದಳು. ನಮ್ಮದೆಲ್ಲ ಆದಮೇಲೆ ತಟ್ಟೆಗೆ ಒಂದು ಸೌಟು ಅನ್ನ, ಹುರುಳಿಕಾಯಿ ಪಲ್ಯ, ತಿಳಿಸಾರು ಹಾಕಿಕೊಂಡು ನನ್ನೆದುರಿಗೇ ಕೂತು ಉಂಡಳು. ನಾನು ಹೇಳಿದ್ದಕ್ಕಿಂತ ಒಂದಗುಳೂ ಹೆಚ್ಚಿಲ್ಲ. ಕೈ ತೊಳೆದು ಪಾತ್ರೆ ತೊಳೆಯಲು ಒಳಗೆ ಹೋದಳು. ನೀರು ಕುಡಿಯೋಣ ಅಂತ ಹಿಂದೆಯೇ ಹೋದೆ.

ಅಕ್ಕ ಸಿಂಕಿನ ಮುಂದೆ ನಿಂತಿದ್ದಳು. ತಳದಲ್ಲಿ ಉಳಿದಿದ್ದ ಅನ್ನಕ್ಕೆ ಉಳಿದ ಸಾರು ಬಗ್ಗಿಸಿ, ಪಾತ್ರೆಯಲ್ಲೇ ಕಲಸಿ ತಿಂದಳು. ಬಾಣಲೆಯ ಪಲ್ಯ ಬಳಿದಳು. ಬೆಳಗ್ಗೆ ಮಗ ಅರ್ಧ ಬಿಟ್ಟುಹೋದ ದೋಸೆಯನ್ನು ಚಟ್ನಿಯ ಬಟ್ಟಲಿಗೆ ಒರೆಸಿ ಬಾಯಿಗೆ ಹಾಕಿಕೊಂಡಳು. ಒಂದೊಂದು ಪಾತ್ರೆ ಖಾಲಿಯಾದ ಹಾಗೆ ಸಿಂಕಿಗೆ ಇಳಿಸುತ್ತಿದ್ದಳು.

"ಇದೇನೇ ಅಕ್ಕ ಮಾಡ್ತಿರೋದು?" ಅಂದೆ.

"ಪಾತ್ರೆ ಖಾಲಿ ಮಾಡ್ತಿದೀನಿ."

"ಇದು ಊಟ ಅಲ್ವಾ?"

"ಊಟ ಆಗ್ಲೇ ಆಯ್ತಲ್ಲೇ ಮಾರಾಯ್ತಿ, ನಿನ್ನೆದುರಿಗೇ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ನನಗೆ ಉರಿದುಹೋದದ್ದೇ ಅದಕ್ಕೆ. ನಮ್ಮ ಮನೆಗಳಲ್ಲಿ ಊಟ ಅಂದರೆ ಕೂರಬೇಕು, ತಟ್ಟೆ ಇರಬೇಕು. ಸಿಂಕಿನ ಮುಂದೆ ನಿಂತು ಬಾಯಿಗೆ ಹೋದದ್ದು ಕೆಲಸದ ಲೆಕ್ಕ. ನಮ್ಮ ಅಮ್ಮನೂ ಹೀಗೇ ಮಾಡುತ್ತಿದ್ದಳು. ಹೊಟ್ಟೆಗೆ ಈ ಭೇದವೆಲ್ಲ ಎಲ್ಲಿ ಗೊತ್ತಾಗಬೇಕು? ಉಳಿದದ್ದನ್ನು ಎಸೆ ಅಂದೆ. ಅನ್ನ ದೇವರು, ಎಸೆಯಬಾರದು ಅಂದಳು. ಫ್ರಿಜ್ಜಿನಲ್ಲಿಡು ಅಂದರೆ ಭಾವನಿಗೆ ತಂಗಳು ಆಗುವುದಿಲ್ಲ. ಹಾಗಾದರೆ ಅಷ್ಟು ಯಾಕೆ ಬೇಯಿಸುತ್ತೀಯ ಎಂದು ಕೇಳಿದ್ದಕ್ಕೆ ಅಕ್ಕಿ ಡಬ್ಬದಿಂದ ಹಿತ್ತಾಳೆಯ ಪಾವು ತೆಗೆದು ತೋರಿಸಿದಳು. ಅತ್ತೆ, ಮಾವ, ಮೂವರು ಮೈದುನಂದಿರು ಇದ್ದಾಗ ಅಳೆಯುತ್ತಿದ್ದ ಪಾವು ಅದು. ಅತ್ತೆ ಮಾವ ಹೋದರು, ಮೈದುನಂದಿರು ಬೇರೆ ಮನೆ ಮಾಡಿದರು. ಒಂದು ಪಾವು ಕಡಿಮೆ ಮಾಡಿದ್ದಾಳಂತೆ, ಇನ್ನೂ ಕಡಿಮೆ ಮಾಡಲು ಕೈ ಬರುವುದಿಲ್ಲವಂತೆ.

ಮುಂದಿನ ವಾರ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮೂವರಿಗೆ ಸಾಕಾಗುವ ಪುಟ್ಟ ಪಾತ್ರೆ ಕೊಂಡು ಕೊಟ್ಟುಬಂದೆ. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಕ್ಕಳಾಟದ ಸಾಮಾನಿನ ಹಾಗಿದೆ ಎಂದು ನಕ್ಕಳು. ಹೊತ್ತಿಗೆ ಯಾರಾದರೂ ಬಂದರೆ ಅವರ ಮುಂದೆ ಏನಿಡಲಿ ಎಂದಳು. ಅದರಲ್ಲಿ ಕೊತ್ತಂಬರಿ ಬೀಜ ತುಂಬಿಟ್ಟಿದ್ದಾಳೆಂದು ಆಮೇಲೆ ತಿಳಿಯಿತು. ಇನ್ನು ನಿನ್ನ ತಂಟೆಗೇ ಬರಲ್ಲ, ಏನಾದರೂ ಮಾಡಿಕೋ ಎಂದು ಫೋನ್ ಇಟ್ಟೆ.

ಬಿಡುವುದಕ್ಕೆ ಆಗಬೇಕಲ್ಲ. ಒಂದು ಸಂಜೆ ಭಾವ ಫೋನ್ ಮಾಡಿದರು. ಗಂಟು ಒಳಗೆ ಹೋಗುತ್ತಿಲ್ಲ, ವಾಂತಿ ಬೇರೆ, ಶಿವಮೊಗ್ಗಕ್ಕೆ ಕರೆತರುತ್ತಿದ್ದೇವೆ ಎಂದರು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಡಾಕ್ಟರು ಹೇಗೋ ನಿಧಾನವಾಗಿ ಒತ್ತಿ ಗಂಟನ್ನು ಒಳಗೆ ಕೂರಿಸಿದ್ದರು. ಈ ಸಲ ಬಚಾವು, ಮುಂದಿನ ಸಲ ಹೇಳಲಾಗದು ಎಂದು ಎಲ್ಲರಿಗೂ ಬೈದರು. ಅಕ್ಕ ನನ್ನ ಕೈ ಹಿಡಿದುಕೊಂಡಳು.

"ನಂಗೆ ಸಾಯಕ್ಕೆ ಇಷ್ಟ ಇಲ್ಲ ಕಣೇ" ಅಂದಳು.

ನನಗೆ ಅಳು ತಡೆಯಲಾಗಲಿಲ್ಲ. ಭಾವ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡರು. ಮಾರನೆಯ ದಿನ ಮನೆಗೆ ಹೋದವರೇ ಪುಟ್ಟ ಪಾತ್ರೆಯಿಂದ ಕೊತ್ತಂಬರಿ ಬೀಜ ಸುರಿದು, ತೊಳೆದು ಒಲೆಯ ಮೇಲಿಟ್ಟರಂತೆ. ಪಾವನ್ನು ಅಟ್ಟಕ್ಕೆ ಹಾಕಿದವರೂ ಅವರೇ.

ಆಮೇಲೆ ತೂಕ ಇಳಿಯತೊಡಗಿತು, ನಿಧಾನಕ್ಕೆ. ಶುಗರ್ ಕೂಡ. ಸರ್ಜನ್ ಕೊನೆಗೂ ಒಪ್ಪಿ ಆಪರೇಷನ್‌ಗೆ ದಿನ ಕೊಟ್ಟರು. ಅದರ ಹಿಂದಿನ ಭಾನುವಾರ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಊಟದ ಹೊತ್ತು. ಅಕ್ಕನ ಮುಖ ಸಣ್ಣದಾಯಿತು. ಅನ್ನ ಇದ್ದದ್ದು ಮೂವರಿಗೆ ಮಾತ್ರ. ನಾನು ತಿಂದುಕೊಂಡೇ ಬಂದಿದ್ದೇನೆ, ಇವತ್ತು ಬಡಿಸುವವಳು ನಾನು, ನೀನು ಅವರ ಜೊತೆ ಕೂತ್ಕೋ ಎಂದು ಅವಳ ಕೈಯಿಂದ ಸೌಟು ಕಿತ್ತುಕೊಂಡೆ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತ ಗಾದೆ. ನಮ್ಮ ಅಕ್ಕ ಎರಡನ್ನೂ ಬಿಟ್ಟುಕೊಟ್ಟವಳಲ್ಲ.

ಕೂತಳು. ಉಪ್ಪು ತರಲು ಒಂದು ಸಲ ಎದ್ದಳು, ನೀರಿಗೆ ಇನ್ನೊಂದು ಸಲ. ಗದರಿ ಕೂರಿಸಿದೆ. ಹಾಕಿದ್ದನ್ನು ಉಂಡು ಮುಗಿಸಿದಳು. ನಾನು ಪಾತ್ರೆ ಹಿಡಿದು ಅವಳ ಪಕ್ಕ ಬಗ್ಗಿ, "ಇನ್ನೊಂಚೂರು ಹಾಕ್ಲಾ ಅಕ್ಕ?" ಎಂದು ಕೇಳಿದೆ.

ಅಕ್ಕ ತಟ್ಟೆ ನೋಡಲಿಲ್ಲ. ಕತ್ತು ಚಾಚಿ ಪಾತ್ರೆಯೊಳಗೆ ಎಷ್ಟು ಉಳಿದಿದೆ ಎಂದು ನೋಡಿದಳು. ಒಂದು ಸೌಟಿನಷ್ಟಿತ್ತು. ಭಾವನ ತಟ್ಟೆ ನೋಡಿದಳು, ಮಗನ ತಟ್ಟೆ ನೋಡಿದಳು. ಆಮೇಲೆ ತನ್ನ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು.

"ಸಾಕು" ಅಂದಳು.

ಭಾವ ತಲೆ ಎತ್ತಿದರು. ಅವಳ ಬಾಯಲ್ಲಿ ಆ ಮಾತು ನಾನೂ ಕೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಬಡಿಸುವವರು ಎದುರಿಗಿದ್ದರೆ ತಾನೇ ಸಾಕು ಅನ್ನುವುದು? ಭಾವ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು, ತಳದ ಅನ್ನವನ್ನು ಬಳಿದು ತಮ್ಮ ತಟ್ಟೆಗೆ ಹಾಕಿಕೊಂಡು ಉಣ್ಣತೊಡಗಿದರು.